ಅಪ್ಪನ ಚೆಂಡು ಏಕೆ ಕುಪ್ಪಳಿಸುತ್ತಿತ್ತು?

ಟಿವಿಯ ಹಿಂದೆ ತಲೆ ತೂರಿಸಿ ಕುಳಿತಿರುವುದು ನಾನೇ. ಧೂಳನ್ನು ನೋಡಬೇಡಿ, ಹಬ್ಬಕ್ಕೆ ಇನ್ನೂ ಸಮಯವಿದೆ. ಇಂಟರ್ನೆಟ್ಟಿನಿಂದ ಟಿವಿಗೆ ಚಿತ್ರ ತರುವ ಸ್ಟ್ರೀಮಿಂಗ್ ಪೆಟ್ಟಿಗೆಯನ್ನು ಬಿಚ್ಚಿದ್ದು, ಜೋಡಿಸಿದ್ದು ಎಲ್ಲವನ್ನೂ ಈ ವೀಡಿಯೊದಲ್ಲಿ ವೇಗವಾಗಿ ಓಡಿಸಿಬಿಟ್ಟಿದ್ದೇನೆ.

ದೂರು ಶುರುವಾದದ್ದು ಕ್ರಿಕೆಟ್ ನೋಡುತ್ತಿದ್ದ ಅಪ್ಪನಿಂದ. “ಪುಟ್ಟೀ, ಚೆಂಡು ಉರುಳುತ್ತಿಲ್ಲ, ಕಪ್ಪೆಯ ಹಾಗೆ ಕುಪ್ಪಳಿಸುತ್ತಿದೆ ನೋಡು.” ನಾನು ಇಂಟರ್ನೆಟ್ಟಿನ ಮೇಲೆ ತಪ್ಪು ಹೊರಿಸಿ, ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚು ತೆತ್ತು 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ವೇಗದ್ದು ಹಾಕಿಸಿದೆ. ಚೆಂಡು ಕುಪ್ಪಳಿಸುತ್ತಲೇ ಇತ್ತು. 4ಕೆ ಎಂಬ ಅತಿ ಸ್ಪಷ್ಟ ವೀಡಿಯೊಗೆ ನೆಟ್‌ಫ್ಲಿಕ್ಸ್ ಕೇಳುವುದೇ 15 ಎಂಬಿಪಿಎಸ್. ಉಳಿದದ್ದು ಅಮ್ಮನ ವಾಟ್ಸ್‌ಆ್ಯಪ್ ಶುಭೋದಯಗಳಿಗೆ.

ಈಗ ಪರದೆಯ ಮೇಲೆ ಪೆಟ್ಟಿಗೆಯ ಮೆನುವಿನಲ್ಲಿ ಕಾಣುತ್ತಿರುವ ಸಂಖ್ಯೆ ನೋಡಿ: 60. ಕಳ್ಳ ಸಿಕ್ಕಿದ್ದು ಇಲ್ಲಿ. ಏನೇ ಹಾಕಿದರೂ ಈ ಪೆಟ್ಟಿಗೆ ಟಿವಿಗೆ ಸೆಕೆಂಡಿಗೆ 60 ಚಿತ್ರ ಕಳಿಸುತ್ತದೆ. ನಮ್ಮ ದೇಶದ ಟಿವಿ ಪ್ರಸಾರವೋ ಮೊದಲಿನಿಂದಲೂ 50ರ ಲೆಕ್ಕದ್ದು, ಮನೆಯ ಕರೆಂಟಿನ 50 ಹರ್ಟ್ಸ್‌ನ ಹಾಗೆ. ಅಪ್ಪನ ಪಂದ್ಯವೂ 50ರಲ್ಲೇ ಬರುತ್ತಿದೆ. ಆ 50ನ್ನು 60 ಮಾಡಲು ಸೆಕೆಂಡಿಗೆ ಹತ್ತು ಚಿತ್ರಗಳನ್ನು ಎರಡೆರಡು ಸಲ ತೋರಿಸಬೇಕು. ಚೆಂಡು ಹತ್ತು ಸಲ ತಡವರಿಸುವುದು ಅದಕ್ಕೇ.

ಟಿವಿ ಎಂದರೆ ಅಪ್ಪನಿಗೆ 1982ರ ಏಷ್ಯನ್ ಕ್ರೀಡಾಕೂಟವೇ ನೆನಪಾಗುತ್ತದೆ. ಬಣ್ಣದ ಪ್ರಸಾರ ಬಂದ ವರ್ಷ ಅದು. ಪಕ್ಕದ ಮನೆಯವರ ಕಿಟಕಿಯಲ್ಲಿ ನಿಂತು ನೋಡಿದರಂತೆ, ಆ ಮನೆಯ ಅಜ್ಜಿ ಎಲ್ಲರಿಗೂ ಕೋಡುಬಳೆ ಕೊಟ್ಟರಂತೆ... ಕೋಡುಬಳೆಯ ಕಥೆಗೆ ಕೊನೆಯಿಲ್ಲ, ಮೆನು ಮುಚ್ಚುವುದರೊಳಗೆ ಮುಂದಕ್ಕೆ ಹೋಗೋಣ.

ಸಿನಿಮಾದ್ದು ಇನ್ನೊಂದು ತಂಟೆ. ಅದು ಸೆಕೆಂಡಿಗೆ 24 ಚಿತ್ರ. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲಾಗುವುದಿಲ್ಲವಲ್ಲ, ಹಾಗಾಗಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಇಡೀ ಬೆಟ್ಟವೇ ಕುಂಟುತ್ತದೆ.

ಸರಿ, 4ಕೆ, 50 ಎಂದು ಬದಲಿಸಿದೆ. ಇದೋ, ಪರದೆ ಕಪ್ಪು! ಅಲ್ಲಿಯವರೆಗೆ 4ಕೆಗಿಂತ ಕಡಿಮೆ ಸ್ಪಷ್ಟತೆಯ 1080ರಲ್ಲಿ ತೆಪ್ಪಗಿದ್ದ, ಪೆಟ್ಟಿಗೆಯಿಂದ ಟಿವಿಗೆ ಚಿತ್ರ ಒಯ್ಯುವ ಹಳೆಯ ಎಚ್‌ಡಿಎಂಐ ಕೇಬಲ್ ಮುಷ್ಕರ ಹೂಡಿತು. 4ಕೆ, 50ಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಹೊರುವ ಕೇಬಲ್ ಬೇಕು. ಬೆಂಗಳೂರಿನ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ನಡೆದೆ. ಆ ರಸ್ತೆಯಲ್ಲಿ ನಡೆಯುವುದೇ ಒಂದು ವಿದ್ಯೆ: ಮುಂದೆ ತಳ್ಳುಗಾಡಿ, ಹಿಂದೆ ಸ್ಕೂಟರ್, ನಡುವೆ ತಲೆಯ ಮೇಲೆ ಮಾನಿಟರ್ ಹೊತ್ತವರು. ಅಂಗಡಿಯವರು ಐದು ಮೀಟರಿನ ಕೇಬಲ್ ತೋರಿಸಿದರು. “ಚಿನ್ನದ ಲೇಪನ ಮೇಡಂ, ಚಿತ್ರ ಹೊಳೆಯುತ್ತದೆ. ಸಾವಿರದ ಇನ್ನೂರು.” ಚಿತ್ರ ಹೊಳೆಯುವುದಕ್ಕೆ ಇದೇನು ಮೂಗುಬೊಟ್ಟೇ? ಡಿಜಿಟಲ್ ಸಂಕೇತ ಸರಿಯಾಗಿ ತಲುಪಿದರೆ ಚಿತ್ರ ಇದ್ದ ಹಾಗೇ ಬರುತ್ತದೆ, ತಲುಪದಿದ್ದರೆ ಚುಕ್ಕಿ ಮಿನುಗುತ್ತದೆ ಅಥವಾ ಕತ್ತಲಾಗುತ್ತದೆ. ಚಿನ್ನ ತುಕ್ಕು ತಡೆಯುತ್ತದೆ, ಅಷ್ಟೇ. ಇಷ್ಟೆಲ್ಲ ತಿಳಿದೂ ಚೌಕಾಸಿ ಮಾಡಿ ಎಂಟುನೂರಕ್ಕೆ ಅದನ್ನೇ ಹೊತ್ತು ತಂದೆ. ಉದ್ದವಿದ್ದರೆ ಮುಂದೆ ಬಳಕೆಗೆ ಬಂದೀತು ಎಂಬ ಜಾಣತನ. ಪೆಟ್ಟಿಗೆಗೂ ಟಿವಿಗೂ ನಡುವೆ ಇರುವುದು ಎರಡು ಅಡಿ! ಉದ್ದ ಹೆಚ್ಚಿದಷ್ಟೂ ಸಂಕೇತ ಸೊರಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕತ್ತಲು. ವಾಪಸ್ ಒಯ್ದರೆ, “ಕವರ್ ಹರಿದಿದೆ ಮೇಡಂ” ಎಂದರು. ಅಲ್ಲೇ ಎರಡು ಅಂಗಡಿ ಆಚೆ, ‘ಪ್ರೀಮಿಯಂ ಹೈ ಸ್ಪೀಡ್’ (ಅಂದರೆ 18 ಗಿಗಾಬಿಟ್ ಹೊರುವಂಥದ್ದು) ಎಂಬ ಚೀಟಿ ಅಂಟಿಸಿದ್ದ ಒಂದೂವರೆ ಮೀಟರಿನದು ಮುನ್ನೂರೈವತ್ತಕ್ಕೆ ಸಿಕ್ಕಿತು. ಆ ಐದು ಮೀಟರ್ ಈಗ ಬಾಲ್ಕನಿಯಲ್ಲಿದೆ. ಹೌದು, ಅದರ ಮೇಲೆ ಒಣಗುತ್ತಿರುವುದು ಟವೆಲ್.

ಪೆಟ್ಟಿಗೆಯಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬ ಆಯ್ಕೆಯೂ ಇದೆ. ಸಿನಿಮಾ ಬಂದರೆ ತಾನೇ 24ಕ್ಕೆ ಬದಲಾಗುತ್ತದೆ. ಕಣ್ಮುಚ್ಚಿ ಹಾಕಿಕೊಳ್ಳಿ ಎನ್ನಬೇಕೆಂದಿದ್ದೆ. ಆದರೆ ಪ್ರತಿ ಬದಲಾವಣೆಗೂ ಎರಡು ಸೆಕೆಂಡ್ ಪರದೆ ಕಪ್ಪಾಗುತ್ತದೆ, ಅಮ್ಮ ಪ್ರತಿ ಸಲವೂ “ಕರೆಂಟ್ ಹೋಯಿತು” ಎನ್ನುತ್ತಾರೆ. ಕೆಲವು ಆ್ಯಪ್‌ಗಳು ಇದರ ಮಾತು ಕೇಳುವುದಿಲ್ಲ. ಕ್ರಿಕೆಟ್ಟಿನದು ಜಗ್ಗಲೇ ಇಲ್ಲ, ಅದಕ್ಕೆ ಕೈಯಾರೆ 50 ಇಡಬೇಕು.

ಟಿವಿಯೊಳಗಿನ ಮೋಷನ್ ಸ್ಮೂತಿಂಗನ್ನು ಮಾತ್ರ ಕಿತ್ತೆಸೆಯಿರಿ. ಎರಡು ಅಸಲಿ ಚಿತ್ರಗಳ ನಡುವೆ ಅದು ತಾನೇ ಊಹಿಸಿ ನಕಲಿ ಚಿತ್ರ ತುರುಕುತ್ತದೆ, ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. 2018ರಲ್ಲಿ ಟಾಮ್ ಕ್ರೂಸ್ ಕೂಡ ವೀಡಿಯೊ ಮಾಡಿ ಇದನ್ನು ಆಫ್ ಮಾಡಿ ಎಂದು ಕೇಳಿಕೊಂಡಿದ್ದರು. ನಾನೂ ಆಫ್ ಮಾಡಿದೆ. ಅಪ್ಪ ಮತ್ತೆ ಹಾಕಿಸಿದರು. ಪಕ್ಕದಲ್ಲಿ ಕುಳಿತು ಒಂದು ಓವರ್ ನೋಡಿದೆ... ಕ್ರಿಕೆಟ್ಟಿಗೆ ಪರವಾಗಿಲ್ಲ, ಇರಲಿ.

ಟಾಸ್ ಆಯಿತಂತೆ. ರಿಮೋಟ್ ಕೊಡಬೇಕು, ಕ್ಯಾಮೆರಾ ಆರಿಸುತ್ತಿದ್ದೇನೆ.