ಒಂದೇ ಸೂರು, ಹಲವು ಪ್ರಾರ್ಥನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇರೆ ಬೇರೆ ನಂಬಿಕೆಯ ಜನ ಒಂದೇ ಕಟ್ಟಡದಲ್ಲಿ ಪ್ರಾರ್ಥನೆ ಮಾಡುವುದು ಹೇಗೆ? ಇವತ್ತು ನಿಮಗೆ ಎರಡು ಬೆಟ್ಟದೂರುಗಳ ಕಥೆ ಹೇಳುತ್ತೇನೆ. ಒಂದು ಊರಿನವರು ಬೇರೆ ದಾರಿಯಿಲ್ಲದೆ ಹಂಚಿಕೊಂಡರು. ಇನ್ನೊಂದು ಊರಿನವರು ತಾವಾಗಿಯೇ ಬೇಕೆಂದು ಹಂಚಿಕೊಂಡರು.

ಮೊದಲನೆಯದು ಸ್ವಿಟ್ಜರ್ಲೆಂಡಿನ ಗ್ಲಾರುಸ್. ಸುತ್ತಲೂ ಆಲ್ಪ್ಸ್ ಬೆಟ್ಟಗಳು, ನಡುವೆ ಇಕ್ಕಟ್ಟಾದ ಕಣಿವೆ. 1506ರಿಂದ 1516ರವರೆಗೆ ಇಲ್ಲಿ ಪಾದ್ರಿಯಾಗಿದ್ದವರು ಉಲ್ರಿಖ್ ಜ್ವಿಂಗ್ಲಿ. ಮುಂದೆ ಜ್ಯೂರಿಕ್ ನಗರಕ್ಕೆ ಹೋಗಿ, ಚರ್ಚಿನ ಸುಧಾರಣೆಗೆ ಮುಂದಾಳಾದವರು ಇವರೇ. ಆ ಸುಧಾರಣೆ ಸ್ವಿಸ್ ನಾಡನ್ನು ಎರಡು ಪಾಲು ಮಾಡಿತು. ಯುದ್ಧವೇ ನಡೆಯಿತು. 1531ರಲ್ಲಿ ಕಾಪೆಲ್ ಎಂಬಲ್ಲಿ ನಡೆದ ಕಾಳಗದಲ್ಲಿ ಜ್ವಿಂಗ್ಲಿ ಸತ್ತರು.

ಗ್ಲಾರುಸ್‌ನಲ್ಲಿ ಕ್ಯಾಥೋಲಿಕರೂ ಇದ್ದರು, ಸುಧಾರಣೆಯ ಪ್ರಾಟೆಸ್ಟೆಂಟರೂ ಇದ್ದರು. ಯಾರೂ ಊರು ಬಿಟ್ಟು ಹೋಗಲು ತಯಾರಿರಲಿಲ್ಲ. ಚರ್ಚು ಮಾತ್ರ ಒಂದೇ! ಹಾಗಾಗಿ ಇಬ್ಬರೂ ಅದನ್ನೇ ಸರದಿಯಲ್ಲಿ ಬಳಸಿದರು. ಪ್ರೀತಿಯಿಂದ ಶುರುವಾದ ಏರ್ಪಾಡು ಇದಲ್ಲ. ಊರಿನ ಆಡಳಿತದಲ್ಲಿ ಇವೆರಡು ಪಂಗಡಗಳ ನಡುವೆ ಜಗಳಗಳು ನಡೆಯುತ್ತಲೇ ಇದ್ದವು. ಆದರೂ ಬಾಗಿಲು ಇಬ್ಬರಿಗೂ ತೆರೆದಿತ್ತು.

ನನ್ನ ಮನಸ್ಸನ್ನು ತುಂಬಾ ತಟ್ಟಿದ್ದು ಮುಂದಿನ ಸಂಗತಿ. 1861ರ ಮೇ ತಿಂಗಳಲ್ಲಿ ಗ್ಲಾರುಸ್‌ಗೆ ಬೆಂಕಿ ಬಿತ್ತು. ಊರಿನ ಬಹುಪಾಲು ಸುಟ್ಟುಹೋಯಿತು, ಹಳೆಯ ಚರ್ಚೂ ಉಳಿಯಲಿಲ್ಲ. ಬೇರೆಯಾಗಬೇಕು ಅಂದರೆ ಇದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು ಹೇಳಿ? ಇಬ್ಬರೂ ತಂತಮ್ಮ ಚರ್ಚು ಕಟ್ಟಿಕೊಳ್ಳಬಹುದಿತ್ತು. ಆದರೆ 1866ರಲ್ಲಿ ಎದ್ದು ನಿಂತದ್ದು ಮತ್ತೆ ಒಂದೇ ಚರ್ಚು, ಇಬ್ಬರಿಗೂ ಸೇರಿದ್ದು. ಅದರ ವಿನ್ಯಾಸ ಫರ್ಡಿನಾಂಡ್ ಸ್ಟಾಡ್ಲರ್ ಅವರದು. ಸುಮಾರು ನೂರು ವರ್ಷ ಅದೇ ಸೂರಿನಡಿ ಇಬ್ಬರ ಪ್ರಾರ್ಥನೆಯೂ ನಡೆಯಿತು. 1964ರಲ್ಲಿ ಕ್ಯಾಥೋಲಿಕರು ತಮ್ಮದೇ ಚರ್ಚಿಗೆ ಹೋದರು. ಇದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ. ನಾಲ್ಕು ಶತಮಾನ ಹೊಂದಿಕೊಂಡು ಬಾಳಿದವರು ಅವರು.

ಇನ್ನೊಂದು ಊರು ಅಮೆರಿಕದ ಕೊಲರಾಡೊ ರಾಜ್ಯದ ವೇಲ್. ಇಲ್ಲಿಯ ಕಥೆ ಪೂರ್ತಿ ಬೇರೆ. ಮೊದಲು ಆ ಕಣಿವೆಯಲ್ಲಿ ಕುರಿ ಮೇಯುತ್ತಿದ್ದವು. 1957ರಲ್ಲಿ ಪೀಟ್ ಸೈಬರ್ಟ್ ಮತ್ತು ಅರ್ಲ್ ಈಟನ್ ಎಂಬ ಇಬ್ಬರು ಹಿಮದಲ್ಲಿ ಆ ಬೆಟ್ಟ ಹತ್ತಿದರು. ಸೈಬರ್ಟ್ ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಬೆಟ್ಟಗಳಲ್ಲಿ ಹೋರಾಡಿ ಗಾಯಗೊಂಡಿದ್ದ ಸೈನಿಕ. ಸ್ಕೀಯಿಂಗ್‌ಗೆ, ಅಂದರೆ ಹಿಮದ ಮೇಲೆ ಜಾರುವ ಆಟಕ್ಕೆ, ಹೇಳಿ ಮಾಡಿಸಿದ ಜಾಗ ಇದು ಅಂತ ಅವರಿಗೆ ಅನ್ನಿಸಿತು. 1962ರ ಡಿಸೆಂಬರಿನಲ್ಲಿ ವೇಲ್‌ನಲ್ಲಿ ಸ್ಕೀಯಿಂಗ್ ಶುರುವಾಯಿತು. 1966ರಲ್ಲಿ ಅದು ಅಧಿಕೃತವಾಗಿ ಪಟ್ಟಣವಾಯಿತು.

ಸ್ವಲ್ಪ ಯೋಚಿಸಿ. ಅಲ್ಲಿ ಎಲ್ಲರೂ ಹೊಸಬರು. ಇದು ನಮ್ಮ ಅಜ್ಜ ಕಟ್ಟಿಸಿದ ಚರ್ಚು ಅಂತ ಹೇಳುವವರು ಯಾರೂ ಇರಲಿಲ್ಲ. ಮನೆಯವರು ಯಾರು, ನೆಂಟರು ಯಾರು ಅನ್ನುವ ಪ್ರಶ್ನೆಯೇ ಹುಟ್ಟಲಿಲ್ಲ. ಹೀಗೆ 1969ರಲ್ಲಿ ವೇಲ್‌ನ ಸರ್ವಧರ್ಮ ಪ್ರಾರ್ಥನಾ ಮಂದಿರದ ಬಾಗಿಲು ತೆರೆಯಿತು. ಕ್ಯಾಥೋಲಿಕ್, ಎಪಿಸ್ಕೋಪಲ್, ಲೂಥರನ್, ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡಗಳ ಸಭೆಗಳು ಅದನ್ನು ಹಂಚಿಕೊಂಡವು. ಯೆಹೂದಿಗಳ ಸಭೆಯೂ ಅಲ್ಲೇ ಸೇರತೊಡಗಿತು. ಅಲ್ಲಿಗೆ ಹತ್ತಿರದಲ್ಲೇ ಮೌಂಟ್ ಆಫ್ ದ ಹೋಲಿ ಕ್ರಾಸ್, ಅಂದರೆ ಪವಿತ್ರ ಶಿಲುಬೆಯ ಬೆಟ್ಟ, ಎಂಬ ಸುಮಾರು 14,000 ಅಡಿ ಎತ್ತರದ ಒಂದು ಶಿಖರವಿದೆ. ಅದರ ಬಂಡೆಯ ಬಿರುಕುಗಳಲ್ಲಿ ಹಿಮ ತುಂಬಿದಾಗ ಶಿಲುಬೆಯ ಆಕಾರ ಕಾಣುತ್ತದೆ. ಲೂಥರನ್ ಸಭೆಯವರು ಆ ಶಿಖರದ ಹೆಸರನ್ನೇ ತಮ್ಮ ಸಭೆಗೆ ಇಟ್ಟುಕೊಂಡರು.

ಇಂಥ ಮಂದಿರವನ್ನು ಉಳಿಸುವುದು ದೊಡ್ಡ ಭಾಷಣಗಳಲ್ಲ. ವೇಳಾಪಟ್ಟಿ! ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗುತ್ತದೆ. ಕ್ಯಾಥೋಲಿಕರು ಬಲಿಪೂಜೆ ಎಂದು ಕರೆಯುವ ಭಾನುವಾರದ ಪ್ರಾರ್ಥನೆಯನ್ನು ಶನಿವಾರ ಸಂಜೆಯೇ ಮಾಡಬಹುದು. ಇಷ್ಟರ ಮಟ್ಟಿಗೆ ಸುಲಭ. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲರಿಗೂ ಬೇಕು. ಕ್ರಿಸ್‌ಮಸ್ ಹಿಂದಿನ ರಾತ್ರಿಯಂತೂ ಕೇಳುವುದೇ ಬೇಡ. ಸ್ಕೀಯಿಂಗ್ ಊರಿಗೆ ಪ್ರವಾಸಿಗರು ಕಿಕ್ಕಿರಿದು ಬರುವ ಸಮಯವೂ ಅದೇ. ಯೆಹೂದಿಗಳ ಹನುಕ್ಕಾ ಹಬ್ಬ ಚಂದ್ರನ ಲೆಕ್ಕದ್ದು, ಕೆಲವು ವರ್ಷ ಅದೂ ಕ್ರಿಸ್‌ಮಸ್ ಜೊತೆಗೇ ಬೀಳುತ್ತದೆ. ಒಬ್ಬರ ಹಾಡು ಮುಗಿದು ಇನ್ನೊಬ್ಬರು ಒಳಗೆ ಬರುವ ಹೊತ್ತಿಗೆ ಬಲಿಪೀಠದ ಬಟ್ಟೆ ಬದಲಾಗಬೇಕು. ಶಿಲುಬೆ ಎಲ್ಲಿರಬೇಕು, ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿ ಎಲ್ಲಿಡಬೇಕು, ಇದನ್ನೆಲ್ಲ ಕೂತು ಮಾತಾಡಬೇಕು. ನಂಬಿಕೆಯಲ್ಲಿ ಯಾರೂ ರಾಜಿಯಾಗಬೇಕಿಲ್ಲ. ಹೊತ್ತಿಗೆ ಸರಿಯಾಗಿ ಮುಗಿಸಿ, ಜಾಗ ಚೊಕ್ಕಟ ಮಾಡಿಕೊಟ್ಟು ಹೋದರೆ ಸಾಕು. ಸುಮ್ನೆ ಚಿಕ್ಕ ವಿಷಯ ಅನ್ನಿಸಬಹುದು. ನನಗೆ ಮಾತ್ರ ಇದೇ ನಿಜವಾದ ಗೌರವ ಅನ್ನಿಸುತ್ತದೆ.

ವೇಲ್‌ನಿಂದ ಸ್ವಲ್ಪ ದೂರದಲ್ಲಿ ಬೀವರ್ ಕ್ರೀಕ್ ಎಂಬ ಇನ್ನೊಂದು ಸ್ಕೀಯಿಂಗ್ ತಾಣ 1980ರಲ್ಲಿ ಶುರುವಾಯಿತು. ಅಷ್ಟು ಹೊತ್ತಿಗೆ ಈ ಹಂಚಿಕೆಯ ಕಷ್ಟಗಳೆಲ್ಲ ಆ ಕಣಿವೆಯ ಜನಕ್ಕೆ ಚೆನ್ನಾಗಿ ಗೊತ್ತಿದ್ದವು, ಅಲ್ವಾ? ಆದರೂ ಮುಂದೆ ಬೀವರ್ ಕ್ರೀಕ್‌ನಲ್ಲಿ ಪ್ರಾರ್ಥನಾ ಮಂದಿರ ಕಟ್ಟುವಾಗ, ಅದನ್ನೂ ಎಲ್ಲ ನಂಬಿಕೆಯವರಿಗೆ ಸೇರಿದ್ದಾಗಿಯೇ ಕಟ್ಟಿದರು.

ನಮಸ್ಕಾರ.