ಎದೆ ನೋಯಲೇ ಇಲ್ಲ

ಕೇಳುಗರೇ, ನಮಸ್ಕಾರ.

ನಮ್ಮ ಸೋದರಮಾವನಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ದಿನ ಬೆಳಿಗ್ಗೆ ಹಾಲು ಕರೆದು ಬಂದವರು ಜಗಲಿ ಮೇಲೆ ಕೂತುಬಿಟ್ಟರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ‘ಎದೆ ನೋಯ್ತಿದೆಯಾ ಮಾವ?’ ಅಂತ ಕೇಳಿದೆ. ‘ಇಲ್ಲ ಕಣೋ, ಗ್ಯಾಸ್ ಇರಬೇಕು. ಸ್ವಲ್ಪ ಉಸಿರು ಕಟ್ಟಿದ ಹಾಗಿದೆ’ ಅಂದರು. ಶುಗರ್ ಇಳಿದಿರಬೇಕು ಅಂತ ಅತ್ತೆ ಸಕ್ಕರೆ ನೀರು ಕುಡಿಸಿದರು. ನಾನೂ ಸುಮ್ನಾದೆ. ಮಧ್ಯಾಹ್ನ ಇಸಿಜಿ ತೆಗೆಸಿದಾಗ ಗೊತ್ತಾಯಿತು, ಹಾರ್ಟ್ ಅಟ್ಯಾಕ್. ಕಳೆದುಕೊಂಡ ಆ ನಾಲ್ಕೈದು ಗಂಟೆ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಗಳು ಸೊರಗುತ್ತವೆ. ಕಾಲಿಂದ ಚಪ್ಪಲಿ ಜಾರಿದರೂ ಕೆಲವರಿಗೆ ಗೊತ್ತಾಗುವುದಿಲ್ಲ, ನೋಡಿದ್ದೀರಲ್ವಾ? ಹೃದಯದ ನೋವನ್ನು ತಿಳಿಸುವ ನರಗಳಿಗೂ ಅದೇ ಗತಿ ಬರಬಹುದು. ಆಗ ಹಾರ್ಟ್ ಅಟ್ಯಾಕ್ ಆದರೂ ಏದುಸಿರು, ತಣ್ಣನೆ ಬೆವರು, ವಾಕರಿಕೆ, ಇದ್ದಕ್ಕಿದ್ದಂತೆ ಸುಸ್ತು, ಇಷ್ಟೇ ಕಾಣುವುದು. ಮನೆಯಲ್ಲಿ ಶುಗರ್ ನೋಡುವ ಮೀಟರ್ ಇದ್ದರೆ ಕೂಡಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ಕೊಡಿ. ಕಡಿಮೆ ಇಲ್ಲ, ಅಥವಾ ಕೊಟ್ಟರೂ ಸುಧಾರಿಸಲಿಲ್ಲ ಅಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಮಾವ ಶುಗರ್ ಚೀಟಿಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದರು. ಬಿಪಿ, ಕೊಲೆಸ್ಟ್ರಾಲ್ ಎಷ್ಟು ಅಂತ ನಾವ್ಯಾರೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯದ ತೊಂದರೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ರಕ್ತನಾಳ ಕೆಡಿಸುವುದು ಸಕ್ಕರೆ ಒಂದೇ ಅಲ್ಲ. ಬಿಪಿ ಸಾಮಾನ್ಯವಾಗಿ 130/80ರ ಒಳಗಿರಬೇಕು. ಸಕ್ಕರೆ ಕಾಯಿಲೆ ಇದ್ದು 40 ದಾಟಿದ ಬಹಳಷ್ಟು ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯೂ ಬೇಕಾಗುತ್ತದೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಅದನ್ನು ನೀವಾಗಿಯೇ ಬಿಡಬೇಡಿ. ನಾರ್ಮಲ್ ಬಂದಿದ್ದೇ ಆ ಮಾತ್ರೆಯಿಂದ! ಬೀಡಿ, ಸಿಗರೇಟು ಮಾತ್ರ ಪೂರ್ತಿ ಬಿಡಲೇಬೇಕು.

ಇನ್ನು ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಸಾಕು, ಅಂದರೆ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ನಿಮ್ಮ ಮನೆಯ ಒಂದು ಕೆಜಿ ಪ್ಯಾಕೆಟ್ ಎಷ್ಟು ದಿನ ಬರುತ್ತದೆ, ಲೆಕ್ಕ ಹಾಕಿ ನೋಡಿ. ಹಪ್ಪಳ, ಸಂಡಿಗೆ, ಬೇಕರಿ ತಿಂಡಿಯ ಉಪ್ಪೂ ಆ 600ರೊಳಗೇ ಸೇರಬೇಕು.

ಮೊನ್ನೆ ಊರಿಗೆ ಹೋದಾಗ ಅತ್ತೆ ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲೆ ಏರಿಸಿದ್ದರು. ಮಾವ ಮನೆಯಲ್ಲಿರಲಿಲ್ಲ. ಕೆರೆ ಏರಿ ಮೇಲೆ ನಡೆಯೋಕೆ ಹೋಗಿದ್ದರು.

ನಮಸ್ಕಾರ.