ಸತ್ಯಾಗ್ರಹಿ: ಒಂದು ಪದ ಹುಟ್ಟಿದ ಬಗೆ

ಕೇಳುಗರಿಗೆ ನಮಸ್ಕಾರ.

ಸತ್ಯಾಗ್ರಹ ಬಹಳ ಹಳೆಯ ಸಂಸ್ಕೃತ ಪದವೆಂದೇ ಅನೇಕರ ನಂಬಿಕೆ. ಅದು ಹುಟ್ಟಿದ್ದು ದಕ್ಷಿಣ ಆಫ್ರಿಕದಲ್ಲಿ, ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಿಂದ.

1906ರಲ್ಲಿ ಅಲ್ಲಿನ ಬ್ರಿಟಿಷ್ ವಸಾಹತಾಗಿದ್ದ ಟ್ರಾನ್ಸ್‌ವಾಲ್ ಸರ್ಕಾರ ಭಾರತೀಯರೂ ಸೇರಿದಂತೆ ಏಷ್ಯಾದವರಿಗೆಂದೇ ಒಂದು ಕಾನೂನು ತರಲು ಹೊರಟಿತು. ಹೆಸರು ನೋಂದಾಯಿಸಬೇಕು, ಹತ್ತೂ ಬೆರಳಿನ ಗುರುತು ಒತ್ತಬೇಕು. ತಪ್ಪಿದರೆ ದಂಡ, ಸೆರೆ, ಇಲ್ಲವೇ ಗಡೀಪಾರು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಭಾರತೀಯರು ಇದಕ್ಕೆ ತಲೆಬಾಗೆವೆಂದು ದೇವರ ಹೆಸರಿನಲ್ಲಿ ಆಣೆಯಿಟ್ಟರು. ಆಗ ಈ ಹೋರಾಟಕ್ಕಿದ್ದ ಹೆಸರು ‘ಪ್ಯಾಸಿವ್ ರೆಸಿಸ್ಟೆನ್ಸ್’, ಅಂದರೆ ನಿಷ್ಕ್ರಿಯ ಪ್ರತಿರೋಧ. ಕೈಲಾಗದವರ ಅಸ್ತ್ರ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿತ್ತು, ಒಳಗೆ ದ್ವೇಷಕ್ಕೂ ಜಾಗವಿತ್ತು. ಗಾಂಧೀಜಿಗೆ ಅದು ಒಗ್ಗಲಿಲ್ಲ. ಅವರ ‘ಇಂಡಿಯನ್ ಒಪಿನಿಯನ್’ ಪತ್ರಿಕೆ ಹೊಸ ಹೆಸರಿಗೆ ಸಣ್ಣ ಬಹುಮಾನ ಸಾರಿತು. ಬಂಧು ಮಗನ್‌ಲಾಲ್ ಗಾಂಧಿ ಸೂಚಿಸಿದ್ದು ‘ಸದಾಗ್ರಹ’. ಸತ್, ಅಂದರೆ ಒಳ್ಳೆಯದು, ಅದರಲ್ಲಿ ಬಿಗಿಯಾಗಿ ನಿಲ್ಲುವುದು. ಗಾಂಧೀಜಿ 1908ರ ಆರಂಭದಲ್ಲಿ ಅದನ್ನು ‘ಸತ್ಯಾಗ್ರಹ’ ಎಂದು ತಿದ್ದಿದರು. ಸತ್ಯದಲ್ಲಿ ಪ್ರೀತಿ ಅಡಗಿದೆ, ಆಗ್ರಹದಿಂದ ಬಲ ಹುಟ್ಟುತ್ತದೆ ಎಂಬುದು ಅವರ ವಿವರಣೆ.

ಕನ್ನಡಿಗರು ಎಡವುವುದು ಇಲ್ಲೇ. ನಮ್ಮ ಹಳೆಯ ಕಾವ್ಯಗಳಲ್ಲಿ ಆಗ್ರಹವೆಂದರೆ ಕೋಪ. ಇಂದಿನ ಪತ್ರಿಕೆಗಳಲ್ಲಿ ‘ಪರಿಹಾರಕ್ಕೆ ಆಗ್ರಹ’ ಎಂದರೆ ಒತ್ತಾಯ. ಈ ಪದದಲ್ಲಿ ಎರಡೂ ಇಲ್ಲ. ಮೂಲ ಧಾತು ‘ಗ್ರಹ್’, ಹಿಡಿ ಎಂದರ್ಥ. ಸತ್ಯವನ್ನು ಬಿಡದೆ ಹಿಡಿದವರು ಸತ್ಯಾಗ್ರಹಿ. ಧರಣಿಯ ಬ್ಯಾನರುಗಳಲ್ಲಿ ಗಕಾರಕ್ಕೆ ವಟ್ರಸುಳಿ ಹಾಕಿ ಬರೆಯುವುದುಂಟು. ಹಾಗೆ ಬರೆದರೆ ‘ಗೃಹ’, ಅಂದರೆ ಮನೆಯಾಗುತ್ತದೆ. ಅಲ್ಲಿರಬೇಕಾದ್ದು ರಕಾರದ ಒತ್ತು.

ಹಿಡಿಯುವುದೆಂದರೆ ಹೇಗೆ? 1930ರ ಫೆಬ್ರವರಿಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ, ಗಾಂಧೀಜಿ ನಿಯಮಗಳನ್ನೇ ಬರೆದುಕೊಟ್ಟರು. ಸಿಟ್ಟು ಇಟ್ಟುಕೊಳ್ಳಬಾರದು, ಎದುರಾಳಿಯ ಸಿಟ್ಟನ್ನು ಸಹಿಸಬೇಕು. ಬೈಗುಳವೂ ಪ್ರತೀಕಾರವೇ, ಅದೂ ಸಲ್ಲದು. ಬ್ರಿಟಿಷ್ ಬಾವುಟಕ್ಕೆ ವಂದಿಸಬೇಕಿಲ್ಲ, ಆದರೆ ಅವಮಾನಿಸಲೂ ಬಾರದು. ಸ್ವಂತ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿದರೆ ತಡೆಯಬಾರದು. ಬೇರೆಯವರು ನಂಬಿ ಒಪ್ಪಿಸಿದ್ದನ್ನು ಮಾತ್ರ ಪ್ರಾಣ ಹೋದರೂ ಬಿಡಕೂಡದು, ಕೈ ಎತ್ತಲೂ ಕೂಡದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕಠಿಣ ನಿಯಮ. ಅದು ಆಚರಣೆಗೆ ಬಂದದ್ದು ಉಪ್ಪಿನಲ್ಲಿ: ಪೊಲೀಸರು ಉಪ್ಪು ಹಿಡಿದ ಮುಷ್ಟಿ ಬಿಡಿಸಲು ಬಂದರೆ ಸತ್ಯಾಗ್ರಹಿ ಹೊಡೆಯುತ್ತಿರಲಿಲ್ಲ, ತಾನಾಗಿ ಬೆರಳು ಸಡಿಲಿಸುತ್ತಲೂ ಇರಲಿಲ್ಲ.

ಆ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಕಾನೂನು ಮುರಿಯಿತು. ಮುಂದೆ ಕರ್ನಾಟಕದ ಅನೇಕರು ಸೆರೆಮನೆ ಸೇರಿದರು. ಸೆರೆಯೊಳಗಿನ ನಡತೆಗೂ ನಿಯಮವಿತ್ತು: ಅಧಿಕಾರಿಗಳೊಡನೆ ಸೌಜನ್ಯದಿಂದಿರಬೇಕು, ಸ್ವಾಭಿಮಾನಕ್ಕೆ ಧಕ್ಕೆಯಾಗದ ಎಲ್ಲ ಶಿಸ್ತನ್ನೂ ಪಾಲಿಸಬೇಕು.

ನಮಸ್ಕಾರ.